ಭಾಗಮ್ಮನ ಮಣೆ

ಆ ದಿನ ಬೆಳಗ್ಗೆ ಅಜ್ಜಂಪುರದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಶಿವನಿ ಕಡೆಯಿಂದ ರೈಲು ಬಂದು ನಿಂತಿದ್ದು ಕೂಗಿನಿಂದ ಗೊತ್ತಾಯಿತೇ ಹೊರತು ಕಣ್ಣಿಗೆ ಕಾಣಲಿಲ್ಲ. ಮಾರ್ಗಶಿರದ ಮೊದಲ ವಾರ. ಸೂರ್ಯನಾರಾಯಣ ಎದ್ದಿದ್ದಾನೆಂದು ನಂಬಿಕೊಳ್ಳಬೇಕಷ್ಟೆ. ಹೆಂಗಸರು ಸೆರಗನ್ನು ಕಿವಿಗೆ ಬಿಗಿದು, ಅದರ ಮೇಲೆ ಗಂಡಂದಿರ ಟವೆಲ್ಲು ಸುತ್ತಿ, ಎರಡು ಕಣ್ಣು ಮಾತ್ರ ಬಿಟ್ಟುಕೊಂಡು ಮಲ್ಲಿಕಾರ್ಜುನಯ್ಯನವರ ಕೊಬ್ಬರಿ ಶೆಡ್ಡಿಗೆ ಬಂದರು. ಮುಖ ನೋಡಿ ಹಾಜರಿ ಹಾಕುವ ಮಿಷಿನ್ನನ್ನು ಗೋಡೆಗೆ ಹೊಡೆಸಲು ಮಲ್ಲಿಕಾರ್ಜುನಯ್ಯನವರು ಆರಿಸಿಕೊಂಡಿದ್ದು ಅದೇ ದಿನವನ್ನು. ಪಂಚಾಂಗ ನೋಡಿಸಿದ್ದರು, ಬಾಗಿಲಾಚೆ ನೋಡಿರಲಿಲ್ಲ.

ಮಿಷಿನ್ನು ಕಡೂರಿನ ‘ಸುಹಾಜರಿ’ ಕಂಪನಿಯದು. ಸಣ್ಣ ಅಂಗಡಿ, ಗ್ಯಾರೇಜು, ಬೇಕರಿಗಳಂಥ ಕಡೆ ಆಳುಕಾಳಿನ ಹಾಜರಿ, ರಜೆ, ಸಂಬಳ, ಗುಣ, ನಡತೆ ಎಲ್ಲವನ್ನೂ ಕ್ಲೌಡಿನಲ್ಲಿಟ್ಟು ನೋಡಿಕೊಳ್ಳುವ ಸಾಫ್ಟ್‌ವೇರು. ಲೆಕ್ಕವೆಲ್ಲ ಎಲ್ಲಿರುತ್ತದಪ್ಪಾ ಎಂದು ಮಲ್ಲಿಕಾರ್ಜುನಯ್ಯನವರು ಕೇಳಿದಾಗ, ಮಾರಲು ಬಂದಿದ್ದ ಹಾಲೇಶ ಬೆರಳನ್ನು ಮೇಲಕ್ಕೆ ತೋರಿಸಿದ್ದ. ಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ ಅವರು. ಮೇಲಿರುವವನ ಹತ್ತಿರ ಲೆಕ್ಕ ಇದ್ದರೆ ಮೋಸವಾಗುವುದಿಲ್ಲ ಎಂದುಕೊಂಡು ಸಹಿ ಹಾಕಿದರು.

ಶೆಡ್ಡಿನ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯ ಒಳಗೆ ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡಿರುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಮೊಂಡು ಮಚ್ಚಿನಿಂದ ಚಿಪ್ಪನ್ನು ಸುತ್ತಲೂ ತಟ್ಟಿ, ಒಳಗಿನ ಉಂಡೆಗೆ ಒಂದು ಗೀರೂ ಬೀಳದಂತೆ ಬಿಡಿಸಬೇಕು. ಒಡೆದ ಉಂಡೆಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಮರ್ಯಾದೆ ಇಲ್ಲ.

ಈ ಕೆಲಸಕ್ಕೆ ಮಲ್ಲಿಕಾರ್ಜುನಯ್ಯನವರ ತಂದೆ ಆಳುಗಳನ್ನು ಇಟ್ಟಿರಲಿಲ್ಲ, ಮಣೆಗಳನ್ನು ಇಟ್ಟಿದ್ದರು. ಶೆಡ್ಡಿನ ಉದ್ದಕ್ಕೂ ಹಲಸಿನ ಮರದ ಹನ್ನೊಂದು ಮಣೆ. ಒಂದೊಂದು ಮಣೆ ಒಂದೊಂದು ಮನೆಗೆ ಸೇರಿದ್ದು. ಅತ್ತೆ ಕೂತಿದ್ದ ಕಡೆ ಸೊಸೆ ಕೂರುತ್ತಾಳೆ. ಹಾಜರಿ ಮಣೆಗೆ, ಕೂಲಿ ಮಣೆಗೆ. ಬೆಳಗ್ಗೆ ಹನ್ನೊಂದು ಮಣೆ ತುಂಬಿದವೋ, ಸಾವ್ಕಾರರ ಹಾಜರಿ ಮುಗಿಯಿತು. ಯಾರ ಮಣೆಯ ಮೇಲೆ ಇವತ್ತು ಯಾರು ಎನ್ನುವುದು ಹೆಂಗಸರ ಮುಯ್ಯಿಯ ವಿಚಾರ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಮಣೆಗೆ ನೀನು. ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಕೊಡು ಎಂದು ಕೇಳುವಂತಿಲ್ಲ, ಕೊಟ್ಟೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಸುಮ್ಮನೆ ಬಂದು ಕೂರಬೇಕು.

ಮೂರನೆಯ ಮಣೆ ಭಾಗಮ್ಮನದು. ಅತ್ತೆಯಿಂದ ಬಂದದ್ದು, ಹತ್ತೊಂಬತ್ತು ವರ್ಷವಾಗಿತ್ತು. ಮಿಷಿನ್ನನ್ನು ಗೋಡೆಗೆ ಹೊಡೆಸಿದ ದಿನ ಆ ಮಣೆಯ ಮೇಲಿದ್ದವಳು ಅವಳ ಓರಗಿತ್ತಿ ಹುಲಿಯಮ್ಮ. ಹಿಂದಿನ ವಾರ ಭಾಗಮ್ಮ ಅವಳ ಹೊಲದಲ್ಲಿ ಒಂದು ದಿನ ರಾಗಿ ಕೊಯ್ದಿದ್ದಳು, ಅದಕ್ಕೆ ಮುಯ್ಯಿ.

ಕಂಪನಿಯಿಂದ ಬಂದಿದ್ದ ಹುಡುಗಿಯ ಹೆಸರು ವಿದ್ಯಾಶ್ರೀ, ತರೀಕೆರೆ ಕಡೆಯವಳು. ಒಬ್ಬೊಬ್ಬರನ್ನೇ ಮಿಷಿನ್ನಿನ ಮುಂದೆ ನಿಲ್ಲಿಸಿ, ಟವೆಲ್ಲು ಬಿಚ್ಚಿಸಿ, ಹೆಸರು ಕೇಳಿ ಲ್ಯಾಪ್‌ಟಾಪಿಗೆ ಹಾಕುತ್ತಿದ್ದಳು. ಚಳಿಗೆ ಅವಳ ಬೆರಳೇ ಬಗ್ಗುತ್ತಿರಲಿಲ್ಲ. ಮೂರನೆಯವಳ ಸರದಿ ಬಂದಾಗ ಹೆಸರೇನು ಎಂದಳು.

ಹುಲಿಯಮ್ಮ ನಿಯತ್ತಿನ ಹೆಂಗಸು. ಇನ್ನೊಬ್ಬರ ದಿನವನ್ನು ತನ್ನದೆನ್ನುವವಳಲ್ಲ.

“ಇವತ್ತು ನಾನು ಭಾಗಮ್ಮ ಕಣವ್ವ,” ಅಂದಳು.

ವಿದ್ಯಾಶ್ರೀ ಭಾಗಮ್ಮ ಎಂದು ಹಾಕಿಕೊಂಡಳು. ಆಧಾರ್ ಕಾರ್ಡಿನ ಜೆರಾಕ್ಸನ್ನು ಹೋಲಿಸಿಯೂ ನೋಡಿದಳು. ಆದರೆ ಆಧಾರ್ ಕಾರ್ಡಿನ ಜೆರಾಕ್ಸಿನಲ್ಲಿ ಯಾರ ಮುಖ ಯಾರದಾದರೂ ಆಗಬಹುದು. ಮಿಷಿನ್ನು ಹಸಿರು ದೀಪ ಹಚ್ಚಿ, “ಸುಸ್ವಾಗತ ಭಾಗಮ್ಮ” ಎಂದಿತು. ಹುಲಿಯಮ್ಮ ಅದಕ್ಕೆ ಕೈ ಮುಗಿದು ಮಣೆಗೆ ಹೋದಳು.

ಮಾರನೆಯ ದಿನ ನಿಜವಾದ ಭಾಗಮ್ಮ ಬಂದು ಮುಖ ತೋರಿಸಿದಳು. ಮಿಷಿನ್ನಿನ ಒಳಗಿನ ಹೆಂಗಸು ಪಾಠ ಓದಿದ ಹಾಗೆ, “ಕ್ಷಮಿಸಿ, ತಾವು ಯಾರೆಂದು ತಿಳಿಯಲಿಲ್ಲ” ಎಂದಳು. ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದೇನೆಂದು ಭಾಗಮ್ಮ ತಿಳಿಸಿ ಹೇಳಿದಳು. ಅದು ಮತ್ತೊಮ್ಮೆ ಕ್ಷಮೆ ಕೇಳಿತು. ಅಷ್ಟು ಮರ್ಯಾದೆಯಿಂದ ಯಾರೂ ಅವಳನ್ನು ಹೊರಗೆ ನಿಲ್ಲಿಸಿರಲಿಲ್ಲ.

ಲೆಕ್ಕ ಬರೆಯುವ ಪರಮೇಶ, ಸಾವ್ಕಾರರ ತಂಗಿಯ ಮಗ, ಮಿಷಿನ್ನು ಬಂದಾಗಿನಿಂದ ಇಸ್ತ್ರಿ ಅಂಗಿ ಹಾಕಲು ಶುರು ಮಾಡಿದ್ದ. ಅವನು ಮಿಷಿನ್ನಿನ ಜೊತೆ ಬಂದಿದ್ದ ಪುಸ್ತಕ ತಿರುವಿ ದಾರಿ ಹುಡುಕಿದ. ಮುಖ ತಪ್ಪಾಗಿದ್ದರೆ ತಿದ್ದಬಹುದು. ಅದಕ್ಕೆ ಭಾಗಮ್ಮನೇ ಅರ್ಜಿ ಹಾಕಬೇಕು. ಅರ್ಜಿ ಹಾಕಿದವಳು ಭಾಗಮ್ಮನೇ ಹೌದೆಂದು ತೋರಿಸಲು ಮಿಷಿನ್ನಿಗೆ ಮುಖ ಹಿಡಿಯಬೇಕು. ಯಾವ ಮುಖ? ಈಗಾಗಲೇ ಅದರಲ್ಲಿರುವ ಮುಖ.

ಹೆಂಗಸರು ಪುಸ್ತಕಕ್ಕೆ ಕಾಯಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಹುಲಿಯಮ್ಮ ಹೊಲಕ್ಕೆ ಹೋಗುವ ದಾರಿಯಲ್ಲಿ ಶೆಡ್ಡಿಗೆ ಬಂದು ಮುಖ ತೋರಿಸಿ, ಸುಸ್ವಾಗತ ಮಾಡಿಸಿಕೊಂಡು ಹೋಗುತ್ತಿದ್ದಳು. ಭಾಗಮ್ಮ ಒಳಗೆ ಕೂತು ಕೆಲಸ ಮಾಡುತ್ತಿದ್ದಳು. ಸಂಜೆ ಹುಲಿಯಮ್ಮ ಮತ್ತೆ ಬಂದು ಮುಖ ತೋರಿಸಿದರೆ, “ಇಂದಿನ ನಿಮ್ಮ ಶ್ರಮಕ್ಕೆ ವಂದನೆಗಳು” ಎನ್ನುತ್ತಿತ್ತು ಮಿಷಿನ್ನು. ಉಳಿದ ಮಣೆಗಳವರು ಇವರಿಬ್ಬರಿಗೆ ಹೆಸರಿಟ್ಟರು. ಬೀದಿಯಲ್ಲಿ ಮೆರೆಯುವ ಹುಲಿಯಮ್ಮ ಉತ್ಸವಮೂರ್ತಿ, ಗರ್ಭಗುಡಿ ಬಿಟ್ಟು ಕದಲದ ಭಾಗಮ್ಮ ಮೂಲವಿಗ್ರಹ. ಒಂದು ತಿಂಗಳು ಹೀಗೇ ನಡೆಯಿತು. ಮಲ್ಲಿಕಾರ್ಜುನಯ್ಯನವರ ಫೋನಿನಲ್ಲಿ ಹನ್ನೊಂದು ಹಸಿರು ಚುಕ್ಕೆ ಮೂಡುತ್ತಿದ್ದವು. ಅವರಿಗೂ ತೃಪ್ತಿ, ಮೇಲಿದ್ದವನಿಗೂ ತಕರಾರಿರಲಿಲ್ಲ.

ಆಮೇಲೆ ದೇವನೂರಿನಲ್ಲಿದ್ದ ಹುಲಿಯಮ್ಮನ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹುಲಿಯಮ್ಮ ಹೋಗಲೇಬೇಕು. ಹೋಗುವಾಗ ತನ್ನ ಮುಖವನ್ನು ಬಿಟ್ಟುಹೋಗಲು ಬರುವುದಿಲ್ಲವಲ್ಲ ಎಂದು ನೊಂದುಕೊಂಡಳು. ಭಾಗಮ್ಮನೇ ಅವಳನ್ನು ಬಸ್ಸು ಹತ್ತಿಸಿ, ಮೊದಲು ಮಗೂನ ನೋಡು ಹೋಗೇ ಎಂದು ಕಳಿಸಿದಳು.

ಏಳು ದಿನ ಕಳೆಯಿತು. ಎಂಟನೆಯ ದಿನ ಭಾಗಮ್ಮ ಎಂದಿನಂತೆ ಮೂರನೆಯ ಮಣೆಯಲ್ಲಿ ಕೂತು ಕಾಯಿ ತಟ್ಟುತ್ತಿರುವಾಗ ಪರಮೇಶ ಅವಳ ಕೈಗೆ ಒಂದು ಕಾಗದ ಕೊಟ್ಟ. ಅವಳಿಗೆ ಓದಲು ಬಾರದು. ಅವನೇ ಗಟ್ಟಿಯಾಗಿ ಓದಿದ.

“ಪ್ರಿಯ ಭಾಗಮ್ಮ, ಸತತ ಏಳು ದಿನ ತಾವು ಕೆಲಸಕ್ಕೆ ಬಾರದಿರುವುದರಿಂದ, ತಾವು ಸ್ವಂತ ಇಚ್ಛೆಯಿಂದ ಕೆಲಸ ತೊರೆದಿರುವುದಾಗಿ ಭಾವಿಸಲಾಗಿದೆ. ಬರುವ ಸೋಮವಾರದಿಂದ ತಮ್ಮ ಸ್ಥಾನಕ್ಕೆ ಬೇರೆಯವರನ್ನು ನೇಮಿಸಲಾಗುವುದು. ತಮ್ಮ ಮುಂದಿನ ಪಯಣ ಸುಖಕರವಾಗಿರಲಿ.”

ಕೆಳಗೆ ನಾಲ್ಕು ಬಣ್ಣದ ಬಲೂನಿನ ಚಿತ್ರವಿತ್ತು. ಅದರ ಕೆಳಗೆ ಮಲ್ಲಿಕಾರ್ಜುನಯ್ಯನವರ ಸಹಿಯ ಅಚ್ಚು.

ಭಾಗಮ್ಮ ಕಾಗದ ಹಿಡಿದು ಸಾವ್ಕಾರರ ಮೇಜಿನ ಹತ್ತಿರ ಹೋದಳು. ಅವರು ಕನ್ನಡಕ ಏರಿಸಿ ಕಾಗದ ನೋಡಿದರು, ಅವಳನ್ನು ನೋಡಿದರು, ಫೋನು ನೋಡಿದರು.

“ನೀನು ಏಳು ದಿನದಿಂದ ಬಂದೇ ಇಲ್ವಂತಲ್ಲ ಭಾಗಮ್ಮ.”

“ಇಲ್ಲೇ ಇದೀನಲ್ಲ ಸಾವ್ಕಾರ್ರೇ. ನಿನ್ನೆ ನೀವೇ ಎಲೆ ಅಡಿಕೆ ಕೊಟ್ರಿ.”

“ನನಗೆ ಕಾಣ್ತಿದೀಯ ಕಣಮ್ಮ. ಅದಕ್ಕೆ ಕಾಣ್ತಿಲ್ಲ.”

ಅವರ ದನಿಯಲ್ಲಿ ಕೋಪವಿರಲಿಲ್ಲ, ವ್ಯಸನವಿತ್ತು. ತಾವು ಏನೂ ಮಾಡುವಂತಿಲ್ಲ, ಒಂದು ವರ್ಷಕ್ಕೆ ಒಪ್ಪಂದವಾಗಿದೆ, ಅದು ಬಂದಿಲ್ಲ ಎಂದವಳನ್ನು ತಾವು ಬಂದಿದ್ದಾಳೆಂದು ಬರೆದರೆ ಲೆಕ್ಕ ಕೆಂಪಾಗುತ್ತದೆ ಎಂದು ತಿಳಿಹೇಳಿದರು. ಸೋಮವಾರ ಮಣೆ ಬಿಟ್ಟುಕೊಡಬೇಕು, ಏನಿದ್ದರೂ ಕಡೂರಿಗೆ ಹೋಗಿ ಕೇಳಿಕೋ ಎಂದರು.

ಭಾಗಮ್ಮ ಅಂದು ಸಂಜೆ ಮಚ್ಚನ್ನು ಮಣೆಯ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತಳು. ಮಣೆಯ ನಡುವೆ ಎರಡು ತಲೆಮಾರಿನ ಮೈಭಾರಕ್ಕೆ ಒಂದು ತಗ್ಗು ಬಿದ್ದಿತ್ತು. ಬೇರೆ ಯಾರೇ ಕೂತರೂ ಆ ತಗ್ಗಿಗೆ ಹೊಂದುವುದಿಲ್ಲ. ಮಣೆ ಹೋದರೆ ಅತ್ತೆಗೆ ಏನು ಹೇಳುವುದು ಎಂದು ಅವಳಿಗೆ ಅನ್ನಿಸಿತು. ಅತ್ತೆ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಆದರೂ ಹೇಳುವುದು ತಪ್ಪುವುದಿಲ್ಲ.

ಗುರುವಾರ ಬೆಳಗ್ಗೆ ಕಡೂರಿನ ಬಸ್ಸು ಹತ್ತಿದಳು.

ಸುಹಾಜರಿ ಕಂಪನಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಯೂರಿಯಾ ವಾಸನೆ ಮೆಟ್ಟಿಲ ತುದಿಯವರೆಗೂ ಜೊತೆಗೆ ಬಂತು. ಒಳಗೆ ಗೋಡೆಯ ಮೇಲೆ ‘ನಾವಿಲ್ಲಿ ಕೆಲಸಗಾರರಲ್ಲ, ಒಂದು ಕುಟುಂಬ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಕುಟುಂಬದಲ್ಲಿ ನಾಲ್ಕು ಜನ. ಗಾಜಿನ ಕೋಣೆಯಲ್ಲಿ ಯಜಮಾನ ದುಶ್ಯಂತ್. ಊರೂರು ಸುತ್ತಿ ಮಾರುವ ಹಾಲೇಶ. ಸಾಫ್ಟ್‌ವೇರು ಬರೆಯುವ ವೇಣು. ಗಿರಾಕಿಗಳ ಫೋನಿಗೆ ಉತ್ತರ ಹೇಳುವ ವಿದ್ಯಾಶ್ರೀ.

ವಿದ್ಯಾಶ್ರೀ ಕುರ್ಚಿ ಎಳೆದು ಕೂರಿಸಿದಳು. ಭಾಗಮ್ಮ ನಡೆದದ್ದನ್ನು ಮೊದಲಿನಿಂದ ಹೇಳಿದಳು. ಹುಡುಗಿ ಪರದೆಯ ಮೇಲೆ ಭಾಗಮ್ಮ ಎಂಬ ಹೆಸರು ತೆಗೆದಳು. ಅದರಲ್ಲಿ ಹುಲಿಯಮ್ಮ, ಮಂಜಿನ ಬೆಳಗಿನಲ್ಲಿ ಮೂಗು ಕೆಂಪಾಗಿ, ನಗುತ್ತಿದ್ದಳು. ವಿದ್ಯಾಶ್ರೀ ಪರದೆ ನೋಡಿ, ಎದುರಿಗೆ ಕೂತವಳನ್ನು ನೋಡಿ, ತುಟಿ ಕಚ್ಚಿಕೊಂಡಳು. ತಪ್ಪು ತನ್ನ ಬೆರಳಿನದೆಂದು ತಿಳಿಯಿತು.

ತಿದ್ದಲು ಅವಳಿಗೆ ಅಧಿಕಾರವಿರಲಿಲ್ಲ. ಗಾಜಿನ ಕೋಣೆಗೆ ಹೋಗಿ ಕೇಳಿದಳು. ದುಶ್ಯಂತ್ ಕೆಟ್ಟವನಲ್ಲ. ಯಾರ ಮೇಲೂ ದನಿ ಏರಿಸಿದವನಲ್ಲ. ಆದರೆ ಅವನಿಗೆ ತನ್ನ ಸಾಫ್ಟ್‌ವೇರಿನ ಮೇಲೆ ಇದ್ದಂಥ ಭಕ್ತಿ ಅಮೃತಾಪುರದ ಅರ್ಚಕರಿಗೆ ಅಮೃತೇಶ್ವರನ ಮೇಲೆ ಇದ್ದೀತು, ಅಷ್ಟೆ. ಮುಖ ಬದಲಿಸುವುದು ಎಲ್ಲಕ್ಕಿಂತ ದೊಡ್ಡ ಮೋಸದ ದಾರಿ, ಅದಕ್ಕೇ ತಿದ್ದುವುದಕ್ಕೆ ಹದಿನೈದು ಕೆಲಸದ ದಿನ ಇಟ್ಟಿರುವುದು ಎಂದ. ಆಕೆ ಇಲ್ಲೇ ಬಂದು ಕೂತಿದ್ದಾಳೆ ಸರ್, ಬನ್ನಿ ನೋಡಿ ಎಂದು ವಿದ್ಯಾಶ್ರೀ ಅಂಗಲಾಚಿದಳು.

“ನೋಡು ವಿದ್ಯಾಶ್ರೀ, ಎದುರಿಗೆ ಬಂದು ನಾನೇ ನಾನು ಅಂದೋರನ್ನೆಲ್ಲ ನಂಬೋದಾದ್ರೆ, ನಮ್ಮ ಸಾಫ್ಟ್‌ವೇರ್ ಯಾಕೆ ಬೇಕು?”

ಈ ಲೋಕದಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ದೇವಸ್ಥಾನದ ಬಾಗಿಲಲ್ಲಿ ಕಾಯುವ ಜನ. ದಿನಾ ಹೋಗಿ ಮುಖ ತೋರಿಸುತ್ತಾರೆ. ನೀನು ಯಾರೆಂದು ತಿಳಿಯಲಿಲ್ಲ ಎಂದು ಒಳಗಿನಿಂದ ಒಂದು ದಿನವೂ ದನಿ ಬಂದದ್ದಿಲ್ಲ.

ಕೋಣೆಯಿಂದ ಹೊರಗೆ ಬಂದ ವಿದ್ಯಾಶ್ರೀ ಭಾಗಮ್ಮನಿಗೆ ವಿಷಯ ಹೇಳುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ತರೀಕೆರೆಯಿಂದ ಅವಳ ತಾಯಿ ಪ್ರತಿಮಾ. ಮರುದಿನ ಬೆಳಗ್ಗೆ ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ತೆಗೆಸುವುದಿತ್ತು. ಜೊತೆಗೆ ಒಬ್ಬರು ಇರಲೇಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ರಜ ಸಿಕ್ತೇನೇ ಎಂದು ಕೇಳುತ್ತಿದ್ದುದು ಭಾಗಮ್ಮನಿಗೂ ಕೇಳಿಸಿತು. ಕಾಯಿ ಅಲ್ಲಾಡಿಸಿ ಒಳಗಿನದನ್ನು ಹೇಳುವ ಕಿವಿ ಅದು.

ರಜ ಸಿಕ್ಕಿರಲಿಲ್ಲ. ಮೂರು ತಾಲ್ಲೂಕಿನ ಅಂಗಡಿ ಆಳುಗಳಿಗೆಲ್ಲ ರಜೆ ಮಂಜೂರು ಮಾಡುವ ಸಾಫ್ಟ್‌ವೇರಿನಲ್ಲಿ ವಿದ್ಯಾಶ್ರೀ ಅರ್ಜಿ ಹಾಕಿ ಹತ್ತು ದಿನವಾಗಿತ್ತು. ಹಿಂದೆ ಪರೀಕ್ಷೆಗೆಂದು ವೇಣು ಅವಳ ಮೇಲಧಿಕಾರಿಯ ಜಾಗದಲ್ಲಿ ಅವಳ ಹೆಸರನ್ನೇ ತುಂಬಿ ಮರೆತುಬಿಟ್ಟಿದ್ದ. ಹಾಗಾಗಿ ಅರ್ಜಿ ಅವಳಿಂದ ಹೊರಟು ಅವಳಿಗೇ ಬರುತ್ತಿತ್ತು. ತನ್ನ ರಜೆಯನ್ನು ತಾನೇ ಮಂಜೂರು ಮಾಡುವಂತಿಲ್ಲ ಎಂಬ ನಿಯಮಕ್ಕೆ ಬಡಿದು ಮತ್ತೆ ಹೊರಡುತ್ತಿತ್ತು. ಬಾಯಲ್ಲಿ ಕೇಳಿದ್ದಕ್ಕೆ ದುಶ್ಯಂತ್, ಯಜಮಾನನೇ ಪದ್ಧತಿ ಮೀರಿದರೆ ಗಿರಾಕಿಗಳ ಮುಂದೆ ಏನು ಮುಖ ಇಟ್ಟುಕೊಂಡು ಮಾತಾಡಲಿ ಎಂದಿದ್ದ. ಮೇಜು ಖಾಲಿ ಬಿಟ್ಟು ಹೋಗುವಂತೆಯೂ ಇರಲಿಲ್ಲ. ಎದುರಿಗಿದ್ದ ಸಣ್ಣ ಕ್ಯಾಮೆರಾಕ್ಕೆ ಹತ್ತು ನಿಮಿಷ ಮುಖ ಕಾಣದಿದ್ದರೆ ಗಾಜಿನ ಕೋಣೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು.

ಭಾಗಮ್ಮ ಇದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿಕೊಂಡಳು. ತನ್ನ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

“ನಾಳೆ ಹೆಂಗೂ ನನ್ನ ಮಣೆ ಮೇಲೆ ನಾನು ಇಲ್ವಂತೆ. ನಿನ್ನ ಮಣೆ ಮೇಲೆ ಕೂರ್ತೀನಿ, ಹೋಗಿ ಬಾ.”

ವಿದ್ಯಾಶ್ರೀಗೆ ನಗು ಬಂತು, ಆಮೇಲೆ ಬರಲಿಲ್ಲ. “ಇಲ್ಲಿ ಫೋನ್ ಬರ್ತಾ ಇರ್ತಾವೆ ದೊಡ್ಡಮ್ಮ.”

“ಬಂದ್ರೆ ಎತ್ತಬೇಕು ತಾನೆ?”

“ಎತ್ತಿ ಅವ್ರು ಹೇಳೋದನ್ನ ಕೇಳಿಸ್ಕೋಬೇಕು.”

“ಕಾಯಿ ಮಾತು ಕೇಳಿಸ್ಕೊಳ್ಳೋಳಿಗೆ ಮನುಷ್ಯರ ಮಾತು ಕೇಳಿಸಲ್ವೇನೇ?”

ಪಕ್ಕದ ಮೇಜಿನಲ್ಲಿದ್ದ ವೇಣು ತಲೆ ಎತ್ತದೆ, ಕ್ಯಾಮೆರಾದ ಯೋಚನೆ ಬೇಡ ಎಂದ. ತಮ್ಮ ಸಾಫ್ಟ್‌ವೇರನ್ನು ತಾವೇ ಪೂರ್ತಿ ಬಳಸುವುದು ದುಬಾರಿಯೆಂದು ದುಶ್ಯಂತ್ ಆಫೀಸಿಗೆ ಉಚಿತ ಆವೃತ್ತಿಯನ್ನು ಹಾಕಿಸಿದ್ದ. ಅದಕ್ಕೆ ಇಂಥವರದೇ ಎಂದಿಲ್ಲ, ಯಾರದೋ ಒಂದು ಮುಖವಿದ್ದರೆ ಸಾಕು.

ಶುಕ್ರವಾರ ಒಂಬತ್ತೂವರೆಗೆ ಭಾಗಮ್ಮ ಕಾಲು ತೊಳೆದುಕೊಂಡು, ಕುರ್ಚಿಗೆ ನಮಸ್ಕಾರ ಮಾಡಿ ಕೂತಳು. ದೀಪ ಹಸಿರಾಯಿತು. ಗಾಜಿನ ಕೋಣೆಯಲ್ಲಿ ದುಶ್ಯಂತ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಗೋಡೆ ಕಡೆ ತಿರುಗಿದ್ದ. ಅಂದು ಇಡೀ ದಿನ ಅವನಿಗೆ ಆನ್‌ಲೈನಿನಲ್ಲಿ ಒಂದು ಶಿಬಿರವಿತ್ತು. ಪ್ರತಿಯೊಬ್ಬ ನೌಕರನನ್ನೂ ಮನುಷ್ಯನಾಗಿ ಕಾಣುವುದು ಹೇಗೆ ಎಂಬುದು ವಿಷಯ.

ಮೊದಲ ಫೋನು ಕಡೂರಿನ ಒಂದು ಬೇಕರಿಯದು. ಪಫ್ಸ್ ಮಾಡುವ ಆಳು ದಿನಾ ಎಂಟು ನಿಮಿಷ ತಡವೆಂದು ಮಿಷಿನ್ನು ತೋರಿಸುತ್ತಿದೆ, ಮೂರನೇ ನೋಟೀಸು ಕೊಡುವುದು ಹೇಗೆ ಎಂದು ಕೇಳಿದರು. ಅವನು ಯಾವ ಬಸ್ಸಿಗೆ ಬರುತ್ತಾನೆಂದು ಭಾಗಮ್ಮ ವಿಚಾರಿಸಿದಳು. ಆ ಬಸ್ಸು ಎಷ್ಟೊತ್ತಿಗೆ ಬರುತ್ತದೆಂದೂ ಕೇಳಿದಳು. ಹಂಗಾದರೆ ನೋಟೀಸು ಬಸ್ಸಿಗೆ ಕೊಡಿ ಎಂದಳು. ಬೇಕರಿಯವರು, ಅವನ ಹೊತ್ತನ್ನೇ ಹತ್ತು ನಿಮಿಷ ಮುಂದಕ್ಕೆ ಹಾಕಿಬಿಡ್ತೀನಿ ಬಿಡಮ್ಮ ಎಂದು ಇಟ್ಟುಬಿಟ್ಟರು. ವೇಣು ಕೈ ಚಾಚಿ ‘ಪರಿಹಾರವಾಗಿದೆ’ ಎಂಬ ಗುಂಡಿ ಒತ್ತಿದ.

ತರೀಕೆರೆಯಲ್ಲಿ ಗ್ಯಾರೇಜು ಇಟ್ಟಿದ್ದ ಧನಪಾಲ್‌ಗೆ ಬೇರೆ ಕಷ್ಟ. ಇರುವ ಇಬ್ಬರು ಮೆಕ್ಯಾನಿಕ್ಕುಗಳ ಸಂತೋಷಕ್ಕೆ ಪ್ರತಿ ತಿಂಗಳು ನೂರಕ್ಕೆ ಇಷ್ಟೆಂದು ಅಂಕ ಕೊಡದಿದ್ದರೆ ಸಂಬಳದ ಪುಟ ತೆರೆಯುತ್ತಿರಲಿಲ್ಲ. ಸಂತೋಷವನ್ನು ಅಳೆಯುವುದು ಹೆಂಗಮ್ಮಾ ಎಂದು ಆತ ಬೇಸತ್ತು ಕೇಳಿದ. ಮಧ್ಯಾಹ್ನ ಅವರು ಉಂಡರೋ ಇಲ್ಲವೋ ಕೇಳಿದ್ದೀರಾ ಎಂದಳು ಭಾಗಮ್ಮ. ಕೇಳಿಲ್ಲ ಎಂದ. ಮೊದಲು ಅದನ್ನು ಕೇಳಿ, ಆಮೇಲೆ ನಿಮಗೆ ತೋಚಿದ್ದು ಹಾಕಿ ಎಂದಳು. ಇನ್ನು ಪ್ರೇಮಮ್ಮ ಎಂಬ ಟೈಲರ್ ಅಂಗಡಿಯವಳಂತೂ ಫೋನಿನಲ್ಲೇ ಅಳುವಂತಾಗಿದ್ದಳು. ತನ್ನದೇ ಅಂಗಡಿಯಲ್ಲಿ ತಾನೇ ಎರಡು ತಿಂಗಳಿಂದ ಗೈರುಹಾಜರಿಯೆಂದು ತೋರಿಸುತ್ತಿದೆಯಂತೆ.

“ಈಗ ಎಲ್ಲಿ ಕೂತಿದೀಯವ್ವ?”

“ಅಂಗಡೀಲೇ, ಹೊಲಿಗೆ ಮಿಷಿನ್ ಮುಂದೆ.”

“ಹಂಗಾದ್ರೆ ಬಂದಿದೀಯ ಬಿಡು.”

ಪ್ರೇಮಮ್ಮ ನಕ್ಕುಬಿಟ್ಟಳು. ಹೌದಲ್ವಾ ಎಂದಳು. ವೇಣು ಮತ್ತೆ ಗುಂಡಿ ಒತ್ತಿದ.

ನಡುವೆ ಫೋನಿಲ್ಲದ ಹೊತ್ತು ಭಾಗಮ್ಮ ವೇಣುವಿನ ಜೊತೆ ಅದೂ ಇದೂ ಮಾತಾಡಿದಳು. ಹುಲಿಯಮ್ಮನ ಮೊಮ್ಮಗುವಿಗೆ ಮುಂದಿನ ತಿಂಗಳ ಮೊದಲ ಭಾನುವಾರ ದೇವನೂರಿನಲ್ಲಿ ಹೆಸರಿಡುತ್ತಾರೆ, ತನ್ನನ್ನೂ ಕರೆದಿದ್ದಾರೆ, ಆದರೆ ಶೆಡ್ಡಿಗೆ ಅಮಾವಾಸ್ಯೆ ಬಿಟ್ಟರೆ ರಜವಿಲ್ಲ, ಮಣೆ ಉಳಿದರೆ ಅದನ್ನು ಬಿಟ್ಟು ಹೋಗುವುದು ಹೇಗೆ, ಮಣೆಯೇ ಹೋದರೆ ದೇವನೂರಿಗೆ ಹೋಗಲು ಅಡ್ಡಿಯಿಲ್ಲ ಎಂದು ನಕ್ಕಳು. ಆ ನಗು ವೇಣುವಿಗೆ ಹಿತವಾಗಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಮಲ್ಲಿಕಾರ್ಜುನಯ್ಯನವರ ಫೋನು ಬಂತು. ದನಿ ಕೇಳಿದೊಡನೆ ಭಾಗಮ್ಮ ನೆಟ್ಟಗೆ ಕೂತಳು. ಅವರು ಯಾರು ಏನು ಎಂದು ಕೇಳದೆ ಶುರು ಮಾಡಿದ್ದರು. ನಾಳೆ ತಿಪಟೂರಿಗೆ ಲೋಡು ಹೋಗಬೇಕು. ಮೂರನೇ ಮಣೆ ಎರಡು ದಿನದಿಂದ ಕೆಲಸ ಕೆಡಿಸುತ್ತಿದೆ. ನಿಮ್ಮ ಮಿಷಿನ್ನು ಬೇರೆಯವರನ್ನು ನೇಮಿಸಿ ಎಂದಿತು, ಪರಮೇಶ ಸೋಮವಾರಕ್ಕೂ ಕಾಯದೆ ಇಬ್ಬರನ್ನು ಕರೆತಂದ, ಮಿಷಿನ್ನು ಅವರಿಗೆ ಸುಸ್ವಾಗತವನ್ನೇನೋ ಹೇಳಿತು, ಅವರು ಮುಟ್ಟಿದ ಉಂಡೆಯೆಲ್ಲ ಹೋಳು. ಈ ಮಿಷಿನ್ನಿಗೆ ಕೊಬ್ಬರಿ ಬಿಡಿಸಲು ಬರುತ್ತದೋ ಇಲ್ಲವೋ ಅದನ್ನಾದರೂ ಹೇಳಿ ಎಂದರು.

ಭಾಗಮ್ಮ ಫೋನನ್ನು ಕಿವಿಗೆ ಒತ್ತಿ ಎಲ್ಲ ಕೇಳಿಸಿಕೊಂಡಳು. ಒಳಗೆ ಉಂಡೆ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ನೋಡುವವಳಂತೆ. ಆಮೇಲೆ ಮೆಲ್ಲಗೆ ತಟ್ಟಿದಳು.

“ಆ ಮಣೆ ಈ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ದಿನ ಖಾಲಿ ಇತ್ತು ಸ್ವಾಮಿ?”

“ಖಾಲಿನಾ? ಒಂದು ದಿನ ಇಲ್ಲ. ಅವಳು ಬರದಿದ್ರೆ ಯಾರಾದ್ರೂ ಬಂದು ಕೂತೇ ಇರ್ತಿದ್ರು.”

“ಹೋದ ವಾರ?”

“ಹೋದ ವಾರ ಅವಳೇ ಕೂತಿದ್ಲು. ನಾನೇ ನೋಡಿದೀನಲ್ಲ.”

“ಮತ್ತೆ ಬಿಟ್ಟುಹೋದೋರು ಯಾರು?”

ಅತ್ತ ಕಡೆ ಶೆಡ್ಡಿನ ಸದ್ದು ಮಾತ್ರ ಕೇಳುತ್ತಿತ್ತು. ಹತ್ತು ಮಚ್ಚುಗಳ ಟಕಟಕ. ನಡುವೆ ಒಂದು ತಾಳ ತಪ್ಪಿದ್ದು ಭಾಗಮ್ಮನಿಗೆ ಗೊತ್ತಾಗುತ್ತಿತ್ತು. ಅವರಿಗೂ ಆಗ ಗೊತ್ತಾಯಿತೋ ಏನೋ.

“ನೀನು ಭಾಗಮ್ಮ ಅಲ್ವೇನಮ್ಮ?” ಅವರ ದನಿ ಇಳಿದಿತ್ತು.

“ಇವತ್ತು ನಾನು ವಿದ್ಯಾಶ್ರೀ ಸಾವ್ಕಾರ್ರೇ. ಆ ಹುಡುಗಿ ತಾಯಿಗೆ ಕಣ್ಣು ಆಪರೇಶನ್ನು.”

ಮುಯ್ಯಿ ಎಂದರೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಳೆ ಬರುತ್ತೀಯಾ ಎಂದು ಕೇಳಿದರು. ಕಾಗದ ಕೊಟ್ಟವರು ನೀವು, ನೀವೇ ಹೇಳಬೇಕು ಎಂದಳು. ಕಾಗದ ಕೊಟ್ಟದ್ದು ಮಿಷಿನ್ನು ಎಂದರು. ಕೆಳಗಿನ ಸಹಿ ಯಾರದೆಂದು ಅವಳು ಕೇಳಲಿಲ್ಲ. ಸುಮ್ಮನಿದ್ದಳು. ಆ ಸುಮ್ಮನಿದ್ದದ್ದು ಕಡೂರಿನಿಂದ ಅಜ್ಜಂಪುರದವರೆಗೆ ಚೆನ್ನಾಗಿಯೇ ಕೇಳಿಸಿತು.

“ಬರೋವಾಗ ಆ ಕಾಗದ ತಂದುಬಿಡು,” ಎಂದರು ಮಲ್ಲಿಕಾರ್ಜುನಯ್ಯ. “ನಮ್ಮಪ್ಪ ಇದ್ದಿದ್ರೆ ನನ್ನ ಮಣೆ ಎಳೆದಾಕ್ತಿದ್ರು.”

ಶನಿವಾರ ಬೆಳಗ್ಗೆ ಅವರು ಆ ಕಾಗದವನ್ನು ತಮ್ಮ ಕೈಯಾರೆ ಹರಿದು ಒಲೆಗೆ ಹಾಕಿಸಿದರು. ಭಾಗಮ್ಮ ಮಣೆಯ ಮೇಲೆ ಕೂತಳು. ಮಿಷಿನ್ನಿನ ಮೇಲೆ ಪರಮೇಶ ಒಂದು ಗೋಣಿಚೀಲ ಇಳಿಬಿಟ್ಟ. ಅದು ಕತ್ತಲೊಳಗಿಂದ ಕ್ಷಮೆ ಕೇಳುತ್ತಲೇ ಇತ್ತು.

ಕಂಪನಿಯಲ್ಲಿ ಬೇರೆಯೇ ನಡೆಯಿತು. ಗಿರಾಕಿಗಳ ಫೋನನ್ನು ಸಾಫ್ಟ್‌ವೇರು ತಾನೇ ಕೇಳಿಸಿಕೊಂಡು ಅಂಕ ಕೊಡುತ್ತಿತ್ತು. ಶುಕ್ರವಾರ ಹದಿನಾಲ್ಕು ಫೋನು, ಹದಿನಾಲ್ಕೂ ಪರಿಹಾರ, ಸಹಾನುಭೂತಿ ನೂರಕ್ಕೆ ತೊಂಬತ್ತೆಂಟು. ತಿಂಗಳ ಕೊನೆಗೆ ಅದು ‘ಮಾಸದ ನಕ್ಷತ್ರ’ವೆಂದು ವಿದ್ಯಾಶ್ರೀಯನ್ನು ಆರಿಸಿತು. ದುಶ್ಯಂತ್ ಪ್ರಮಾಣಪತ್ರ ಕೊಟ್ಟು, ಆ ದಿನದ ಧ್ವನಿಯನ್ನು ಮೂವರಿಗೂ ಕೇಳಿಸಿ, ನೀನು ದಿನಾ ಹೀಗೇ ಮಾತಾಡಬೇಕು ಎಂದ. ಅದು ಅವಳ ದನಿಯಲ್ಲವೆಂದು ಮೂರು ವರ್ಷದಿಂದ ಅವಳ ಎದುರಿಗೆ ಕೂತವನಿಗೆ ಹೊಳೆಯಲಿಲ್ಲ. ವೇಣು ಕೆಮ್ಮಿದ.

ಮಲ್ಲಿಕಾರ್ಜುನಯ್ಯನವರು ಒಪ್ಪಂದ ಮುರಿಯುತ್ತೇನೆಂದು ಬರೆದಾಗ, ವೇಣು ಮತ್ತು ವಿದ್ಯಾಶ್ರೀ ಸೇರಿ ಒಂದು ಸಣ್ಣ ಬದಲಾವಣೆ ಮಾಡಿದರು. ನೌಕರರ ಹೆಸರು ಎಂದಿದ್ದ ಕಡೆ ಮಣೆ ಎಂದು ಹಾಕಿ, ಒಂದೊಂದು ಮಣೆಗೆ ಎಷ್ಟು ಮುಖ ಬೇಕಾದರೂ ಕೂರುವಂತೆ ಮಾಡಿದರು. ಗೋಣಿಚೀಲ ತೆಗೆದರು. ದುಶ್ಯಂತ್ ಅದನ್ನು ನೋಡಿ ಬಹಳ ಹೊತ್ತು ಧ್ಯಾನ ಮಾಡಿ, ‘ಫ್ಲೆಕ್ಸಿ ಸೀಟ್’ ಎಂದು ಹೆಸರಿಟ್ಟು, ಇದು ತನ್ನ ಕಂಪನಿಯ ಹೊಸ ಆವಿಷ್ಕಾರವೆಂದು ಹಾಲೇಶನ ಕೈಲಿ ಮೂರು ತಾಲ್ಲೂಕಿನಲ್ಲಿ ಪಾಂಪ್ಲೆಟ್ ಹಂಚಿಸಿದ. ಅಜ್ಜಂಪುರದ ಶೆಡ್ಡಿಗೂ ಒಂದು ಬಂತು. ಪರಮೇಶ ಅದನ್ನು ಓದಿ ಹೇಳಿದ. ಹನ್ನೊಂದು ಮಣೆಯವರೂ ಶ್ರದ್ಧೆಯಿಂದ ಕೇಳಿ, ಇಂಥದ್ದನ್ನೆಲ್ಲ ಯೋಚನೆ ಮಾಡೋಕೆ ಎಷ್ಟು ಓದಿರಬೇಕೋ ಎಂದರು.

ಮುಂದಿನ ತಿಂಗಳ ಮೊದಲ ಭಾನುವಾರ, ದೇವನೂರಿನಲ್ಲಿ ಹೆಸರಿಡುವ ದಿನ. ಮಂಜು ಕಳೆದು, ಬಿಸಿಲು ಬೆಳಗ್ಗೆ ಏಳಕ್ಕೇ ಶೆಡ್ಡಿನ ಹೆಂಚಿನ ಸಂದಿಯಿಂದ ಇಳಿದಿತ್ತು. ಭಾಗಮ್ಮ ಎಂದಿನ ಹಳೇ ಸೀರೆಯಲ್ಲೇ ಬಂದಳು. ದೇವನೂರಿಗೆ ಕಳಿಸಲೆಂದು ಮಗುವಿಗೆ ಹೊಲಿಸಿದ್ದ ಕುಲಾವಿಯನ್ನು ಕಾಗದದಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದಳು. ಯಾರಾದರೂ ಆ ಕಡೆ ಹೋಗುವವರು ಸಿಕ್ಕರೆ ಕೊಟ್ಟು ಕಳಿಸುವುದೆಂದು ಅವಳ ಯೋಚನೆ.

ಮೂರನೆಯ ಮಣೆಯ ಮೇಲೆ ವಿದ್ಯಾಶ್ರೀ ಕೂತಿದ್ದಳು. ವೇಣುವಿನಿಂದ ವಿಷಯ ತಿಳಿದು, ಮೊದಲ ಬಸ್ಸಿಗೆ ತರೀಕೆರೆಯಿಂದ ಬಂದಿರಬೇಕು. ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು. ಮಣೆಯ ತಗ್ಗು ಅವಳಿಗೆ ದೊಡ್ಡದಾಗಿತ್ತು. ಎಡಪಕ್ಕದ ಮಣೆಯವಳು ಅವಳ ಕೈ ಹಿಡಿದು ಮಚ್ಚನ್ನು ಎಷ್ಟು ಹಗುರ ಬಿಡಬೇಕೆಂದು ತೋರಿಸುತ್ತಿದ್ದಳು. ಅವಳ ಮುಂದೆ ಒಡೆದ ಎರಡು ಉಂಡೆ ಬಿದ್ದಿದ್ದವು. ಮಲ್ಲಿಕಾರ್ಜುನಯ್ಯನವರು ಅದನ್ನು ನೋಡಿಯೂ ನೋಡದವರಂತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

ವಿದ್ಯಾಶ್ರೀ ತಲೆ ಎತ್ತಿ ಭಾಗಮ್ಮನನ್ನು ನೋಡಿದಳು. ಅಮ್ಮನ ಕಣ್ಣು ಹೇಗಿದೆಯೆಂದು ಭಾಗಮ್ಮ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಭಾಗಮ್ಮ ಕುಲಾವಿಯ ಪೊಟ್ಟಣವನ್ನು ಸೆರಗಿನೊಳಗೆ ಇಟ್ಟುಕೊಂಡು, ತಿರುಗಿ ದೇವನೂರಿನ ಬಸ್ಸು ನಿಲ್ಲುವ ಕಡೆ ನಡೆದಳು.

ವಿದ್ಯಾಶ್ರೀ ಗುಡ್ಡೆಯಿಂದ ಇನ್ನೊಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.